ನಮ್ಮ ಪಾಳಿ ಬರ್ತೈತಿ ಅಂತ ಕುಂತವ್ರು

ಸೀರಿ ಅಂಗಡ್ಯಾಗ ನಾ ಕಲ್ತ ಮೊದಲ್ನೇ ಪಾಠ ಏನಪಾ ಅಂದ್ರ, ಗಿರಾಕಿ ಗಾದಿ ಬಿಟ್ಟು ಏಳಬಾರ್ದು. ತೊಗೊಳ್ಳಿ ಬಿಡ್ಲಿ, ಏಳಬಾರ್ದು. ಎದ್ದಾಕಿ ಹೋದಂಗ. ಕುಂತಾಕಿ ಇನ್ನರ್ಧ ತಾಸಿಗೆ ನಮ್ಮಾಕಿ. ಮದುವಿಗಿಂತ ಮೊದ್ಲ ಲಿಂಗಸುಗೂರಾಗ ಒಂದು ಸಣ್ಣ ಅಂಗಡ್ಯಾಗ ಎರಡು ವರ್ಷ, ಆಮ್ಯಾಲ ಸಿಂಧನೂರಾಗ ದೊಡ್ಡ ಅಂಗಡ್ಯಾಗ ಹದಿನೇಳು ವರ್ಷ, ಇದ ಕೆಲಸ ನಂದು. ಮಸ್ಕಿಯಿಂದ ಇಬ್ಬರು ಹೆಣ್ಮಕ್ಕಳು ಬರೇ ಒಂದು ಕುಪ್ಪಸದ ಖಣಕ್ಕ ಬಂದಿದ್ರು, ಐದು ಸೀರಿ ಹೊತ್ಕೊಂಡು ಹೋದ್ರು. ನನ್ನ ಮುಂದ ಕುಂತು ಬರಿಗೈಲೆ ಎದ್ದು ಹೋದವ್ರನ್ನ ಬೆರಳ ಮ್ಯಾಲ ಎಣಿಸಬಹುದು. ಜಂಬ ಅಂತ ಬೇಕಾದ್ರ ಅನ್ರಿ, ನಾ ಖರೇನ ಹೇಳಾಕತ್ತೀನಿ.

ಇಂಥಾಕಿ ನಾನು. ನನ್ನ ಸ್ವಂತ ಗಂಡನ್ನ ಯಾರೋ ತಮ್ಮ ಗಾದಿ ಮ್ಯಾಲ ಕುಂದ್ರಿಸಿ ಏಳದಂಗ ಮಾಡ್ಯಾರ ಅನ್ನೋದು ತಿಳಿಯಾಕ ನನಗ ತಿಂಗಳುಗಟ್ಟಲೆ ಹಿಡೀತು. ಅದಕ್ಕ ನನಗ ಇವತ್ತಿಗೂ ಸಿಟ್ಟು ಐತಿ. ಅವರ ಮ್ಯಾಲ ಅಲ್ಲ, ನನ್ನ ಮ್ಯಾಲ.

ನಮ್ಮನಿಯವ್ರು ಕಾಲುವಿ ಗ್ಯಾಂಗ್‌ಮನ್. ದಢೇಸುಗೂರು ಕಡೆ ಒಂದು ಉಪಕಾಲುವಿ ಮ್ಯಾಲಿನ ಗೇಟುಗಳ ಕೀಲಿ ಅವರ ಸೊಂಟದಾಗ ಇರ್ತಾವ. ನೀರು ಎಲ್ಲಾರ ಗದ್ದಿಗೂ ಒಮ್ಮೆಗೆ ಸಾಲಂಗಿಲ್ಲ, ಅದಕ್ಕ ಪಾಳಿ ಹಚ್ಚಿರ್ತಾರ. ಮೊದ್ಲ ಮ್ಯಾಲಿನವ್ರಿಗೆ, ಆಮ್ಯಾಲ ನಡುವಿನವ್ರಿಗೆ, ಕಡೀಕ ಕೊನಿ ಭಾಗದವ್ರಿಗೆ. ಯಾರ ಪಾಳಿ ಯಾವ ದಿನ, ಎಷ್ಟು ತಾಸು ಅನ್ನೋ ಪಟ್ಟಿ ಊರಾಗ ಗ್ವಾಡಿಗೆ ಅಂಟಿಸಿರ್ತಾರ. ಅದರ ಪ್ರಕಾರ ಒಂದು ಗೇಟು ಇಳಿಸಿ ಇನ್ನೊಂದು ಏರ್ಸೋದು ಇವರ ಕೆಲಸ. ಒಂಬತ್ತು ವರ್ಷದಾಗ ಒಂದು ಪಾಳಿ ತಪ್ಪಿಸಿದವ್ರಲ್ಲ. ಜ್ವರ ಬಂದಾಗ ಕಂಬಳಿ ಹೊತ್ಕೊಂಡು ಹೋಗಿ ಗೇಟು ತಿರುವಿ ಬಂದಾರ. ಸ್ವಂತ ತಂಗಿ ಲಗ್ನದಾಗ ಅಕ್ಕಿಕಾಳು ಹಾಕಿ, ಊಟಕ್ಕ ಕುಂದ್ರದ ಗೇಟಿಗೆ ಓಡಿದ ಮನುಷ್ಯ.

ನನ್ನ ತವರು ಪಾಮನಕಲ್ಲೂರು, ಒಣಬೇಸಾಯದ ಸೀಮಿ. ಅಲ್ಲಿ ಪಾಳಿ ಗೀಳಿ ಏನೂ ಇಲ್ಲ. ಮಳಿ ಬಂದ್ರ ಜ್ವಾಳ, ಬರದಿದ್ರ ಇಲ್ಲ. ಹ್ವಾದ ವರ್ಷ ಬರ್ಲಿಲ್ಲ ಅಂತ ಮಳಿ ಈ ವರ್ಷ ಎರಡು ಪಟ್ಟು ಸುರಿಯಂಗಿಲ್ಲ, ಅದಕ್ಕ ನಮ್ಮ ಹೆಸರು ಗೊತ್ತ ಇಲ್ಲ. ಕಾಲುವಿ ಮಂದಿ ಹಂಗಲ್ಲ. ಅವರಿಗೆ ಇವತ್ತು ನೀರು ಬರ್ಲಿಲ್ಲ ಅಂದ್ರ ಅದರರ್ಥ ನಾಳಿ ಬರ್ತೈತಿ ಅಂತ. ನಾ ಮುಗಲು ನೋಡಿ ಬೆಳದಾಕಿ, ಅವರು ಪಟ್ಟಿ ನೋಡಿ ಬೆಳದವ್ರು. ಮದುವಿಯಾಗಿ ಇಷ್ಟು ವರ್ಷ ಆದ್ರೂ ಈ ಫರಕು ನನಗ ತಿಳಿದಿದ್ದಿಲ್ಲ. ಆ ಫೋನಿನ ಆಟ ಬಂದ ಮ್ಯಾಲ ತಿಳೀತು.

ಆಟ ಸುರು ಆಗಿದ್ದು ಕ್ರಿಕೆಟ್ ಹಂಗಾಮಿನಾಗ. ಸೇತುವಿ ಹತ್ರದ ಚಾದಂಗಡ್ಯಾಗ ಯಾರೋ ಫೋನಿಗೆ ಒಂದು ಲಿಂಕ್ ಕಳಿಸಿ, "ಅಣ್ಣಾ, ಸೇರಿದ್ರ ಸಾಕು, ಐನೂರು ರೂಪಾಯಿ ಫುಕಟ್ ಕೊಡ್ತಾರ" ಅಂದ್ರಂತ. ಇವರು ಸೇರಿದ್ರು. ಮೊದಲ್ನೇ ದಿನ ಗೆದ್ರು, ಎರಡ್ನೇ ದಿನಾನೂ ಗೆದ್ರು. ಮೂರ್ನೇ ದಿನ ಸಂಜಿಮುಂದ ನನಗೊಂದು ಸೀರಿ ತಂದ್ರು. ನಾ ಸೀರಿ ನೋಡ್ಲಿಲ್ಲ, ಸೀರಿ ಹಾಕಿದ್ದ ಚೀಲ ನೋಡಿದೆ. ನಮ್ಮ ಅಂಗಡಿ ಎದುರಿನ ಅಂಗಡಿ ಚೀಲ!

"ನಿಮ್ಮ ಹೆಂಡ್ತಿ ಹದಿನೇಳು ವರ್ಷದಿಂದ ಸೀರಿ ಮಾರಾಕತ್ಯಾಳ. ಆಕಿ ಅಂಗಡಿ ಬಿಟ್ಟು ಎದುರು ಅಂಗಡ್ಯಾಗ ತಂದೀರಲ್ರೀ! ನಾಳಿ ಯಾವ ಮಕ ಹೊತ್ಕೊಂಡು ಹೋಗ್ಲಿ ನಾನು?" ಅಂತ ಜಗಳ ತೆಗದೆ. ಆ ಜಗಳದಾಗ ರೊಕ್ಕ ಎಲ್ಲಿಂದ ಬಂತು ಅಂತ ಕೇಳೋದ ಮರತೆ. ಎಂಥಾ ಶ್ಯಾಣ್ಯಾಕಿ ನೋಡ್ರಿ ನಾನು.

ಕ್ರಿಕೆಟ್ ಮುಗೀತು, ಇವರ ಆಟ ಮುಗೀಲಿಲ್ಲ. ಅದರಾಗ ಒಂದು ವಿಮಾನ ಇತ್ತು. ರೊಕ್ಕ ಹಚ್ಚಿದ ಕೂಡ್ಲೆ ವಿಮಾನ ಏರ್ತೈತಿ, ಅದು ಏರಿದಂಗ ನಿಮ್ಮ ರೊಕ್ಕ ಎರಡು ಪಟ್ಟು, ಮೂರು ಪಟ್ಟು ಅಂತ ಬೆಳೀತೈತಿ. ಅದು ಮಾಯ ಆಗೋಕಿಂತ ಮೊದ್ಲ ಗುಂಡಿ ಒತ್ತಿ ತೊಗೋಬೇಕು. ತಡ ಮಾಡಿದ್ರಿ, ಎಲ್ಲಾ ಹೋತು. ಊಟದ ತಾಟು ಮುಂದ ಇಟ್ಕೊಂಡು ನಮ್ಮನಿಯವ್ರು "ಛೇ! ಒಂದ ಕ್ಷಣ! ಒಂದ ಕ್ಷಣ!" ಅಂತ ತೊಡಿ ಬಡ್ಕೊಳ್ಳೋರು. ಸೋತೆ ಅಂತ ಒಮ್ಮೆನೂ ಅನ್ಲಿಲ್ಲ. ಪ್ರತಿ ಸಲ "ಸ್ವಲ್ಪದಾಗ ತಪ್ಪಿತು" ಅನ್ನೋರು. ತಾಟಿನಾಗಿನ ರೊಟ್ಟಿ ಆರಿ ಸೆಟದು ಹೋಗೋದು.

ಇಂಥಾ ಆಟ ಎಲ್ಲಾ ಬಂದ್ ಮಾಡ್ಯಾರ ಅಂತ ಒಂದಿನ ಸುದ್ದಿ ಬಂತು. ಹಾಲು ಕುಡದಷ್ಟು ಸಂತೋಷ ಆತು ನನಗ. ಎರಡು ದಿನಕ್ಕ ಅದ ವಿಮಾನ ಇನ್ನೊಂದು ಲಿಂಕಿನಾಗ, ಇನ್ನೊಂದು ಬಣ್ಣ ಬಳ್ಕೊಂಡು ಬಂತು.

ಕಡೀಕ ಕೇಳೇ ಬಿಟ್ಟೆ. "ದಿನಾ ಹೋಗಾಕತ್ತೈತಿ, ಮತ್ತ ಯಾಕ ಹಚ್ಚತೀರಿ?"

ಅವರು ಸಣ್ಣ ಹುಡುಗಿಗೆ ತಿಳಿಸಿ ಹೇಳಿದಂಗ ಹೇಳಿದ್ರು. "ಏ ಹುಚ್ಚಿ, ನಿನಗ ತಿಳಿಯಂಗಿಲ್ಲ. ಇಷ್ಟು ದಿನ ಎಲ್ಲಾ ಮ್ಯಾಲಿನವ್ರಿಗೆ ಹೋಗೈತಿ. ಎಷ್ಟು ದಿನ ಅಂತ ಅವ್ರಿಗ ಹೋಗ್ತೈತಿ? ಇನ್ನ ನಮ್ಮ ಪಾಳಿ. ಪಾಳಿ ಬರೋ ಹೊತ್ತಿಗೆ ಯಾರಾರ ಗದ್ದಿ ಬಿಟ್ಟು ಮನಿಗೆ ಹೋಗ್ತಾರೇನು?"

ನಾ ಬಿದ್ದು ಬಿದ್ದು ನಕ್ಕೆ. ಅವರು ನಗ್ಲಿಲ್ಲ. ಅವರ ಮಕ ನೋಡಿದ ಮ್ಯಾಲ ನನ್ನ ನಗಿ ನಿಂತು ಹೋತು, ಯಾಕಂದ್ರ ಆ ಮನುಷ್ಯ ಖರೇನ ಹಂಗ ತಿಳ್ಕೊಂಡಿದ್ರು.

ಮುಂದಿನ ಮಂಗಳವಾರ ನಮ್ಮ ಅಂಗಡಿ ರಜಾ. ಮಧ್ಯಾಹ್ನ ಅವರ ಮಗ್ಗಲಾಗ ಕುಂತು ಆ ಆಟ ಪೂರಾ ನೋಡಿದೆ. ಅಯ್ಯ ನಮ್ಮವ್ವ, ಇದು ನನ್ನ ಧಂದೆ!

ಗಿರಾಕಿ ಒಳಗ ಬಂದ ಕೂಡ್ಲೆ ನಾವು ಚಾ ಕೊಡ್ತೀವಿ. ಚಾ ಕುಡದಾಕಿಗೆ ಹಂಗ ಎದ್ದು ಹೋಗಾಕ ಸಂಕೋಚ ಆಕ್ಕೈತಿ. ಅವರು ಕೊಟ್ಟ ಫುಕಟ್ ಐನೂರು ಅದ ಚಾ. ನಮ್ಮ ಅಂಗಡ್ಯಾಗ ಎಲ್ಲೂ ಗಡಿಯಾರ ಇಲ್ಲ, ಹೊತ್ತು ಕಂಡ್ರ ಗಿರಾಕಿಗೆ ಊರ ಬಸ್ಸು ನೆನಪಾಕ್ಕೈತಿ. ಆ ಆಟ ತೆಗದ್ರ ಫೋನಿನ ತುದ್ಯಾಗಿನ ಗಡಿಯಾರಾನೂ ಮಾಯ. ಎರಡು ಸಾವಿರದ ಐನೂರು ಅಂತ ನಾವು ಬಾಯಿ ಬಿಟ್ಟು ಅನ್ನಂಗಿಲ್ಲ, "ಎರಡೂವರಿ ಕೊಡ್ರಿ ಅಕ್ಕಾ, ನಿಮಗಂತ" ಅಂತೀವಿ. ಅಲ್ಲಿ ರೂಪಾಯಿ ಅನ್ನೋ ಮಾತ ಇಲ್ಲ, ಬರೇ ಬಂಗಾರ ಬಣ್ಣದ ಬಿಲ್ಲಿ. "ನಿಮ್ಮ ಓಣಿ ಮೇಡಂ ನಿನ್ನೆ ಇದ ಬಣ್ಣ ಒಯ್ದ್ರು" ಅಂತ ನಾ ಒಂದು ಬಿಡ್ತಿದ್ದೆ. ಅಲ್ಲಿ ಕೆಳಗ ಸಾಲು ಓಡಾಕತ್ತಿತ್ತು, ಇಂಥಾ ಊರಾಗ ಇಂಥವ್ರು ಈಗ ತಾನ ಇಷ್ಟು ಗೆದ್ರು ಅಂತ. ಅವರು ಯಾರು, ಗೆದ್ದಿದ್ದು ಖರೆನೋ ಸುಳ್ಳೋ, ಯಾರು ನೋಡ್ಯಾರ? ನನ್ನ ಓಣಿ ಮೇಡಂನೂ ಅಷ್ಟ, ಎಷ್ಟೋ ಸಲ ಆಕಿ ಇದ್ದಿದ್ದ ಇಲ್ಲ.

ಆದ್ರ ಕೆಲವು ಕಸರತ್ತು ನನಗೂ ಬರಂಗಿಲ್ಲ. ಇವರು ಹತ್ತು ಹಚ್ಚಿದ್ರು, ನಾಕು ವಾಪಸ್ ಬಂತು. ಅಂದ್ರ ಆರು ಹೋತು, ಹೌದಿಲ್ಲ? ಫೋನು ಬ್ಯಾಂಡ್ ಬಾರಿಸಿ, ಹೂವು ಉದುರ್ಸಿ, ಗೆದ್ದೀರಿ ಅಂತ ಕುಣೀತು. ರೊಕ್ಕ ಒಳಗ ಹಾಕಾಕ ಕಣ್ಣು ಮಿಟುಕಿಸೋದ್ರಾಗ ಮುಗೀತೈತಿ, ಗೆದ್ದ ರೊಕ್ಕ ಹೊರಗ ತೆಗಿಯಾಕ ಎರಡು ದಿನ ಕಾಯ್ಬೇಕು. ಆ ಎರಡು ದಿನಾನೂ "ತೆಗಿಯೋದು ಬ್ಯಾಡ, ಆಡ್ತೀನಿ" ಅನ್ನೋ ಗುಂಡಿ ಕೆಂಪಗ ಮಿಣಿ ಮಿಣಿ ಅಂತಿರ್ತೈತಿ. ಇವರು ಒಂದು ಸಲಾನೂ ಎರಡು ದಿನ ತಡಕೊಂಡಿಲ್ಲ. ನಾ ಎಷ್ಟ ಕುಂದ್ರಿಸಿದ್ರೂ ಮಸ್ಕಿ ಹೆಣ್ಮಕ್ಕಳು ಐದು ಸೀರಿ ಮನಿಗೆ ಒಯ್ದ್ರು, ಉಟ್ಗೊಂಡ್ರು. ಇಲ್ಲಿ ಕುಂತವ್ರು ಏನು ಒಯ್ತಾರ?

ಇದನ್ನೆಲ್ಲಾ ಅವರಿಗೆ ಬಿಡಿಸಿ ಹೇಳಿದೆ. ಕೇಳಿದ್ರು, ಗೋಣು ಹಾಕಿದ್ರು. ಶ್ರಾವಣ ಸುರು ಆದ ದಿನ ಲಿಂಗ ಮುಟ್ಟಿ ಆಣಿ ಮಾಡಿದ್ರು, ಇನ್ನ ಮುಟ್ಟಂಗಿಲ್ಲ ಅಂತ. ಗೆದ್ದೆ ಅಂತ ತಿಳ್ಕೊಂಡೆ ನಾನು. ಎಂತೆಂಥಾ ಗಿರಾಕಿನ್ನ ಪಳಗಿಸಿದಾಕಿಗೆ ಗಂಡ ಯಾವ ಲೆಕ್ಕ!

ಹನ್ನೊಂದು ದಿನ ಬಿಟ್ಟಿದ್ರು. ಹನ್ನೆರಡ್ನೇ ದಿನ ಫೋನ್ ಬಂತು. ಸ್ಪೀಕರಿನಾಗ ಇತ್ತು, ನಾ ರೊಟ್ಟಿ ಬಡಿಯಾಕತ್ತಿದ್ದೆ. ಒಂದು ಹೆಣ್ಣು ದನಿ, ನಮ್ಮ ಸೀಮಿ ಮಾತು. "ಅಣ್ಣಾರ, ಬಾಳ ದಿನ ಆತು, ಈ ಕಡೆ ಬರ್ಲೇ ಇಲ್ಲಲ್ರಿ? ಆರಾಮ ಅದೀರಿಲ್ಲ? ನಿಮ್ಮ ಸಲುವಾಗಿ ಬ್ಯಾರೆನ ತೆಗದಿಟ್ಟೀವ್ರಿ." ನನ್ನ ಕೈಯಾಗಿನ ರೊಟ್ಟಿ ಹರೀತು. ದೀಪಾವಳಿ ಬಂದಾಗ ನಾ ಹಳೇ ಗಿರಾಕಿಗಳಿಗೆ ಫೋನ್ ಹಚ್ಚಿ ಹೇಳೋದು ಇದ ಮಾತು, ಒಂದಕ್ಷರ ಹೆಚ್ಚುಕಡಿಮಿ ಇಲ್ಲ. ಮರುದಿನ ಇವರು ಮತ್ತ ಕುಂತ್ರು.

ದಸರಾ ಮುಗದಿತ್ತು. ನೆಲ್ಲು ಹೊಡಿ ಕಟ್ಟೋ ಹೊತ್ತು, ಆವಾಗ ನೀರು ತಪ್ಪಿದ್ರ ಕಾಳು ಜೊಳ್ಳಾಕ್ಕೈತಿ. ಸೋಮವಾರ ಮುಂಜಾನಿ ಆರರಿಂದ ಸಂಜಿ ಆರರ ತನಕ ಕೊನಿ ಭಾಗದ ಪಾಳಿ. ಆರಕ್ಕ ಮ್ಯಾಲಿನ ಗೇಟು ಇಳಿಸಿ ನೀರು ಕೆಳಗ ಬಿಡಬೇಕು. ಇವರು ಹೊತ್ತಿಗೆ ಸರಿಯಾಗಿ ಸೇತುವಿಗೆ ಹೋಗ್ಯಾರ. ಕಟ್ಟಿ ಮ್ಯಾಲ ಕುಂತು ಚಾ ಕುಡಿಯೋದ್ರಾಗ ಒಂದು ಸಲ ವಿಮಾನ ಹಾರ್ಸೋಣು ಅಂತ ಫೋನ್ ತೆಗದಾರ. ಅವತ್ತು ಸುರುವಿಗೆ ಗೆಲುವು. ಬಂತು ನಮ್ಮ ಪಾಳಿ ಅಂತ ಇನ್ನೊಂದು, ಮತ್ತೊಂದು. ತಲಿ ಎತ್ತಿ ನೋಡಿದಾಗ ಹನ್ನೊಂದು ಹೊಡದಿತ್ತು. ಮ್ಯಾಲಿನ ಗೇಟು ಪೂರಾ ತೆರದ ಇತ್ತು, ನೀರು ಮೊದ್ಲ ತುಂಬಿದ್ದ ಗದ್ದಿಗಳಿಗೆ ಹರದು ಹೋಗಿತ್ತು. ಓಡಿ ಹೋಗಿ ಗೇಟು ತಿರುವ್ಯಾರ. ಅಷ್ಟು ದೂರ ನೀರು ಹರದು ಹೋಗಾಕ ಹೊತ್ತು ಬೇಕು. ಕೊನಿ ಭಾಗ ಮುಟ್ಟಿದ್ದು ನೂಲಿನಷ್ಟು ನೀರು, ಅಷ್ಟರಾಗ ಪಾಳಿ ಮುಗೀತು. ಮುಂದಿನ ಪಾಳಿ ಎಂಟು ದಿನಕ್ಕ.

ಇದ್ಯಾವ್ದನ್ನೂ ಅವರು ಮನ್ಯಾಗ ಹೇಳ್ಲಿಲ್ಲ. ಮಂಗಳವಾರ ಮುಂಜಾನಿ ಒಬ್ಬಾಕಿ ಮುದುಕಿ ನಮ್ಮ ಬಾಗಿಲಿಗೆ ಬಂದ್ಲು. ಕೊನಿ ಭಾಗದಾಗ ಆಕಿದು ಒಂದೂವರಿ ಎಕರೆ, ತಾನ ಸ್ವತಃ ಸಲಿಕಿ ಹಿಡದು ನೀರು ಕಟ್ಟಾಕಿ. ಕಾಲುವಿ ದಂಡಿ ಹಿಡದು ನಡಕೋತ ಬಂದಿದ್ಲು. ಬೈಯಾಕ ಬಂದ್ಲು ಅಂತ ನಾ ಅನ್ಕೊಂಡೆ.

"ತಮ್ಮ ಆರಾಮ ಅದಾನಿಲ್ಲವ್ವಾ?" ಅಂತ ಕೇಳಿದ್ಲು. "ನಿನ್ನೆ ನೀರು ಬರ್ಲಿಲ್ಲ. ಜ್ವರ ಬಂದಾಗೂ ಕಂಬಳಿ ಹೊತ್ಕೊಂಡು ಬಂದಾವ ಅವ. ಏನಾರ ಆಗಿರ್ಬೇಕು ಅಂತ ನೋಡಾಕ ಬಂದೆ."

ಇವರು ಒಳಗಿಂದ ಬಂದ್ರು. ಆಕಿ ಮಕ ನೋಡ್ಲಿಲ್ಲ, ನೆಲ ನೋಡಿದ್ರು. "ಗೇಟಿನ ಹಲ್ಲು ಸಿಕ್ಕೊಂಡಿತ್ತವ್ವಾ" ಅಂದ್ರು.

"ಹೌದಾ? ನಾ ಏನರ ಆತೇನೋ ಅಂತ ಅಂಜಿದ್ದೆ ನೋಡಪಾ" ಅಂದು, ಒಂದು ತಂಬಿಗಿ ನೀರು ಕುಡದು ಹೋದ್ಲು. ಆಕಿ ಓಣಿ ದಾಟಿದ ಮ್ಯಾಲ ನಾ ಇವರ ಮುಂದ ನಿಂತೆ. ಆವಾಗ ಹಕೀಕತ್ತು ಎಲ್ಲಾ ಹೊರಗ ಬಂತು.

ಮರುದಿನ ನಾ ಕೆಲಸಕ್ಕ ಹೊಂಡೋ ಹೊತ್ತಿಗೆ ಆಕಿ ಮತ್ತ ಬಂದ್ಲು. ಕೈಯಾಗೊಂದು ಬಾಟ್ಲಿ. "ಗೇಟಿನ ಹಲ್ಲಿಗೆ ಹಾಕಂತ ಹೇಳವ್ವಾ. ಮನ್ಯಾಗಿನ ಕುಸುಬಿ ಎಣ್ಣಿ, ಬೇಷ್ ಐತಿ." ಅಡಗಿಗೆ ಇಟ್ಟಿದ್ದ ಎಣ್ಣಿ. ಕೊಟ್ಟು, ಕುಂದ್ರದ ಹೋದ್ಲು.

ಬಾಟ್ಲಿ ತಂದು ಇವರ ಮುಂದ ಇಟ್ಟೆ. ನಾ ಅವತ್ತು ಅಂಗಡಿಗೆ ಹೋಗ್ಲಿಲ್ಲ. ಅವರು ಬಾಟ್ಲಿ ಎತ್ತಿ ತಿರುವಿ ನೋಡಿದ್ರು. ಆಮ್ಯಾಲ ಅವರು ಅಂದ್ರು, "ಈ ಎಂಟು ದಿನದಾಗ ನನ್ನ ಪಾಳಿ ಬಂತಂದ್ರ, ಆಕಿ ಲುಕ್ಸಾನ ನಾನ ತುಂಬಿ ಕೊಡ್ತೀನಿ."

ನೆತ್ತಿಗೇರಿತು ನನಗ. "ಪಾಳಿ! ಏನ್ ಪಾಳಿ ಹಚ್ಚೀರ್ರೀ? ನಿಮ್ಮ ಪಾಳಿ ಪಟ್ಟಿ ಎಲ್ಲಿ ಅಂಟಿಸ್ಯಾರ, ತೋರ್ಸ್ರಿ ನನಗ. ಯಾವ ಗ್ವಾಡಿಗೆ? ಆ ಗೇಟಿನ ಕೀಲಿ ಯಾರ ಸೊಂಟದಾಗ ಐತಿ? ಅಲ್ಲಿ ಗ್ಯಾಂಗ್‌ಮನ್ ಯಾರು?"

ಅವರು ಗ್ವಾಡಿ ಕಡೆ ಮಕ ತಿರುವಿದ್ರು.

"ಪಾಳಿ ತಾನ ಬರಂಗಿಲ್ರೀ. ಒಬ್ಬ ಮನುಷ್ಯ ಎದ್ದು ಹೋಗಿ ಗೇಟು ತಿರುವಿದ್ರ ಬರ್ತೈತಿ. ಈ ಕಾಲುವಿ ಮ್ಯಾಲ ಆ ಮನುಷ್ಯ ನೀವು. ಅದಕ್ಕ ಇಲ್ಲಿ ಪಾಳಿ ಬರ್ತೈತಿ. ಅಲ್ಲಿ ಗೇಟಿನ ಹತ್ರ ನಿಂತಾವ ನಿಮ್ಮ ಕಡೆ ಯಾಕ ತಿರುವ್ತಾನ? ತಿರುವಿದ್ರ ಅವನ ಅಂಗಡಿ ನಡೀತೈತೇನು? ನಾ ಹತ್ತೊಂಬತ್ತು ವರ್ಷ ಗಿರಾಕಿ ಕುಂದ್ರಿಸಿದಾಕಿ ಹೇಳಾಕತ್ತೀನಿ, ಕುಂತವ್ರ ಪಾಳಿ ಬರಂಗಿಲ್ಲ. ಕುಂದ್ರಿಸಿದವ್ರ ಪಾಳಿ ಮಾತ್ರ ಬರ್ತೈತಿ, ದಿನಾ ಬರ್ತೈತಿ."

ಅವರು ಸೊಂಟದಾಗಿನ ಕೀಲಿ ಗೊಂಚಲು ಮುಟ್ಟಿ ನೋಡ್ಕೊಂಡ್ರು. "ಆ ಮುದುಕಿ ಪಾಳಿ ನಾನ ತಿಂದೆ" ಅಂದ್ರು. ಬಾಟ್ಲಿ ತೊಗೊಂಡು ಚಪ್ಪಲಿ ಮೆಟ್ಟಿದ್ರು. ನಾನೂ ಹಿಂದ ಹೋದೆ.

ಮುದುಕಿ ಹೊಲದ ದಂಡ್ಯಾಗ ಕುಂತಿದ್ಲು. ಗದ್ದಿ ಬಿರುಕು ಬಿಟ್ಟಿತ್ತು. ಇವರು ಆಕಿ ಮುಂದ ನಿಂತು ಅಂದ್ರು, "ಗೇಟು ಕೆಟ್ಟಿದ್ದಿಲ್ಲವ್ವಾ. ಸುಳ್ಳು ಹೇಳಿದೆ. ಫೋನಿನಾಗ ಜೂಜಾಡಕೋತ ಕುಂತಿದ್ದೆ, ಅದಕ್ಕ ನೀರು ತಪ್ಪಿತು."

ಆಕಿ ಇವರನ್ನ ಮ್ಯಾಲಿಂದ ಕೆಳಗಿನ ತನಕ ನೋಡಿದ್ಲು. ಆಮ್ಯಾಲ ಕೈ ಚಾಚಿದ್ಲು. "ಹಂಗಾರ ನನ್ನ ಎಣ್ಣಿ ಕೊಡಿಲ್ಲೆ." ಬಾಟ್ಲಿ ಇಸಗೊಂಡು, ಸೆರಗಿನಾಗ ಕಟ್ಕೊಂಡು, ನಮ್ಮ ಕಡೆ ಬೆನ್ನು ಮಾಡಿದ್ಲು. ಕುಂದ್ರು ಅಂತ ಒಂದು ಮಾತು ಅನ್ಲಿಲ್ಲ. ಆಕಿ ಕಪಾಳಕ್ಕ ಬಾರಿಸಿದ್ರೂ ಇ‍ವರಿಗೆ ಅಷ್ಟು ನೋವು ಆಗ್ತಿದ್ದಿಲ್ಲ.

ಅಲ್ಲಿಂದ ಇವರು ಮನಿಗೆ ತಿರುಗ್ಲಿಲ್ಲ. ಮ್ಯಾಲಿನ ಗದ್ದಿಯವ್ರ ಮನಿಗೆ ಹೋದ್ರು. ಒಬ್ಬೊಬ್ಬರ ಅಂಗಳದಾಗ ನಿಂತು, ನಿಮ್ಮ ಪಾಳ್ಯಾಗಿನ ಎರಡು ತಾಸು ಕೊನಿ ಭಾಗಕ್ಕ ಬಿಟ್ಟು ಕೊಡ್ರಿ ಅಂತ ಕೇಳಿದ್ರು. ಯಾಕ ಅಂತ ಕೇಳಿದ ಕೂಡ್ಲೆ ಇದ್ದದ್ದು ಇದ್ದಂಗ ಹೇಳಿದ್ರು. ಗೇಟು ಕೆಟ್ಟಿತ್ತು ಅಂತ ಹೇಳಿಬಿಡ್ರಿ ಅಂತ ನನ್ನ ಬಾಯಿಗೆ ಬಂದಿತ್ತು, ನುಂಗಿದೆ. ಒಬ್ಬ "ನಿನ್ನ ಕೈಯಾಗ ಕೀಲಿ ಕೊಟ್ಟವ್ರಿಗೆ ಬುದ್ಧಿ ಇಲ್ಲ ಬಿಡು" ಅಂದ. ಒಬ್ಬ ಬಾಗಿಲು ಹಾಕ್ಕೊಂಡ. ಇನ್ನೊಬ್ಬ ತನ್ನ ಫೋನು ಅಂಗಿ ಕಿಸೇದಾಗ ಒಳಗ ಸರಿಸಿ, ಮತ್ತೇನೂ ಕೇಳದ ಹೂಂ ಅಂದ. ಏಳು ಅಂಗಳ ಹತ್ತಿದ್ವಿ, ಐದು ಮಂದಿ ಒಪ್ಪಿದ್ರು. ಐದ್ನೇ ಅಂಗಳದ ಹೊತ್ತಿಗೆ ಇವರ ದನಿ ನಡುಗೋದು ನಿಂತಿತ್ತು. ಆ ಮನುಷ್ಯನ ಮ್ಯಾಲ ಅವತ್ತು ನನಗ ಎಷ್ಟು ಪ್ರೀತಿ ಬಂತು ಅಂದ್ರ, ಲಗ್ನದ ದಿನಾನೂ ಅಷ್ಟು ಬಂದಿದ್ದಿಲ್ಲ.

ಗುರುವಾರ ಮಧ್ಯಾಹ್ನ ಕೊನಿ ಭಾಗಕ್ಕ ನೀರು ಮುಟ್ಟಿತು. ಮುದುಕಿ ಮಡಿ ಕಟ್ಕೋತ ಗದ್ದಿ ತುಂಬಿಸಿಕೊಂಡ್ಲು. ಇವರು ದಂಡ್ಯಾಗ ನಿಂತ ಇದ್ರು. ಎಲ್ಲಾ ಮುಗದ ಮ್ಯಾಲ ಆಕಿ ಸಲಿಕಿ ತೊಳಕೋತ, ತಲಿ ಎತ್ತದ ಕೇಳಿದ್ಲು. "ಮುಂದಿನ ಪಾಳಿ ಎಂದು?"

"ಮಂಗಳವಾರ ಅವ್ವಾ, ಮುಂಜಾನಿ ಆರಕ್ಕ."

"ಬರ್ತೀಯೇನು?"

ಒಂಬತ್ತು ವರ್ಷದಾಗ ಆ ಮನುಷ್ಯನ್ನ ಯಾರೂ ಕೇಳಿದ್ದಿಲ್ಲ ಆ ಮಾತು. "ಬರ್ತೀನವ್ವಾ" ಅಂದ್ರು.

ಆ ದೊಡ್ಡ ಫೋನು ಈಗ ನನ್ನ ಹತ್ರ ಐತಿ. ಇವರ ಕಿಸೇದಾಗ ಗುಂಡಿ ಫೋನು. ಕೈ ಇನ್ನೂ ಒಮ್ಮೊಮ್ಮೆ ಕಿಸೇಕ ಹೋಗಿ ತಡಕಾಡ್ತೈತಿ, ನಾ ನೋಡೀನಿ. ಆದ್ರ ಏಳು ಅಂಗಳದಾಗ ಹೇಳಿದ ಸುದ್ದಿ ಕಾಲುವಿ ಉದ್ದಕ್ಕೂ ಮುಟ್ಟೈತಿ. ಚಾದಂಗಡ್ಯಾಗ ಯಾರರ ಫೋನ್ ಇವರ ಕಡೆ ಚಾಚಿದ್ರ, "ಏ, ಆ ಮನುಷ್ಯನ ಕೈಯಾಗ ಕೊಡಬ್ಯಾಡ್ರಲೇ" ಅಂತ ನಾಕು ಮಂದಿ ಒದರ್ತಾರ. ಇವರಿಗೆ ನಾಚಿಕಿ ಆಕ್ಕೈತಿ, ಆಗ್ಲಿ ಅಂತೀನಿ ನಾನು. ಆ ಹೆಣ್ಣು ದನಿ ಒಂದು ಸಲ ಮತ್ತ ಬಂತು, ನಾನ ಎತ್ತಿದೆ. "ತಂಗಿ, ನಾನೂ ಇದ ಕೆಲಸ ಮಾಡಾಕಿ. ದನಿ ಬೇಷ್ ಐತಿ ನಿಂದು. ಸಿಂಧನೂರಿಗೆ ಬಾ, ಸೀರಿ ಅಂಗಡ್ಯಾಗ ಕೆಲಸ ಕೊಡಸ್ತೀನಿ" ಅಂದೆ. ಕಟ್ ಮಾಡಿದ್ಲು. ಸೀರಿ ನಾ ಇವತ್ತಿಗೂ ಮಾರ್ತೀನಿ, ಎಲ್ಲಾರಿಗಿಂತ ಹೆಚ್ಚ ಮಾರ್ತೀನಿ. ಆದ್ರ ಗಿರಾಕಿ "ಸಾಕು ಅಕ್ಕಾ" ಅಂದ್ರ ಬಿಚ್ಚಿದ ಸೀರಿ ಘಳಿಗಿ ಮಾಡಿ ಮ್ಯಾಲ ಇಡ್ತೀನಿ.

ಮುದುಕಿ ಮಾತ್ರ ಬಿಡ್ಲಿಲ್ಲ. ಪ್ರತಿ ಪಾಳಿ ಹಿಂದಿನ ದಿನ ಸಂಜಿಮುಂದ ಯಾರ ಕಡಿಂದಾರ ಫೋನ್ ಹಚ್ಚಿಸಿ, "ನಾಳಿ ಬರ್ತೀಯೇನು?" ಅಂತ ಕೇಳ್ತಿದ್ಲು. ಇವರು "ಬರ್ತೀನವ್ವಾ" ಅಂತಿದ್ರು. ಮತ್ತೊಂದು ಮಾತಿಲ್ಲ. ಆ ಬೆಳಿ ಕೊಯ್ದ್ರು, ಇನ್ನೊಂದು ಬೆಳಿ ನಾಟಿ ಮಾಡಿದ್ರು, ಫೋನ್ ತಪ್ಪಲಿಲ್ಲ.

ಹ್ವಾದ ವಾರ ಪಾಳಿ ಹಿಂದಿನ ದಿನ ಫೋನ್ ಬರ್ಲಿಲ್ಲ. ಇವರು ಗುಂಡಿ ಫೋನು ಮುಂದ ಇಟ್ಕೊಂಡು ಕುಂತ್ರು, ಎದ್ದ್ರು, ಮತ್ತ ಕುಂತ್ರು. ಹೊತ್ತು ಮುಣುಗೋಕಿಂತ ಮೊದ್ಲ ತಡಕೊಳ್ಳಾಕ ಆಗ್ದ ಗಾಡಿ ತೆಗದ್ರು, ನಾ ಹಿಂದ ಕುಂತೆ. ಮುದುಕಿ ಅಂಗಳದಾಗ ಕುಂತು ಕಾಳು ಹಸನ ಮಾಡಾಕತ್ತಿದ್ಲು.

"ಆರಾಮ ಅದೀಯಿಲ್ಲವ್ವಾ?" ಅಂದ್ರು ಇವರು. "ಫೋನ್ ಬರ್ಲಿಲ್ಲ. ಏನಾರ ಆಗಿರ್ಬೇಕು ಅಂತ ನೋಡಾಕ ಬಂದೆ."

ಆಕಿ ಕೈಯಾಗಿನ ಮೊರ ಕೆಳಗಿಟ್ಟು ಇವರ ಮಕ ನೋಡಿದ್ಲು.

"ಯಾಕ ಮಾಡ್ಲಿ ಫೋನು? ಬರ್ತೀಯಲ್ಲ. ಕುಂದ್ರು ಬಾ."